ಅಮ್ಮನ ಲಿವರ್ ಕ್ಯಾನ್ಸರ್: ವಾಸಿಯಾಗದ ಕಾಯಿಲೆಗೆ ನಾವು ಕೊಡಿಸಿದ ಚಿಕಿತ್ಸೆ

ಅಮ್ಮ ಜೀವಮಾನದಲ್ಲಿ ಒಂದು ಹನಿ ಮದ್ಯ ಮುಟ್ಟಿದವಳಲ್ಲ. ಆದರೂ ಲಿವರ್ ಕ್ಯಾನ್ಸರ್ ಅಂದ ಕೂಡಲೇ ನೋಡಲು ಬಂದವರ ಮುಖದಲ್ಲಿ ಆ ಪ್ರಶ್ನೆ ಕಾಣುತ್ತಿತ್ತು. ಕೆಲವರು ಬಾಯಿಬಿಟ್ಟೇ ಕೇಳಿದರು. ಅಮ್ಮನಿಗೆ ಇದರಿಂದ ಆದಷ್ಟು ಬೇಜಾರು ಕಾಯಿಲೆಯಿಂದಲೂ ಆಗಲಿಲ್ಲ. ಹಾಗಾಗಿ ಮೊದಲು ಇದನ್ನೇ ಹೇಳಿಬಿಡುತ್ತೇನೆ. ಅಮ್ಮನಿಗಿದ್ದದ್ದು ಹಳೆಯ ಸಕ್ಕರೆ ಕಾಯಿಲೆ, ಅದರ ಜೊತೆ ಫ್ಯಾಟಿ ಲಿವರ್. ಲಿವರಿನಲ್ಲಿ ಕೊಬ್ಬು ತುಂಬಿಕೊಂಡು ವರ್ಷಗಟ್ಟಲೆ ಒಳಗೊಳಗೇ ಗಾಯವಾಗಿ, ಮಾಗಿ, ಮತ್ತೆ ಗಾಯವಾಗಿ ಕೊನೆಗೆ ಗಟ್ಟಿಯಾಗುತ್ತದೆ. ಅದನ್ನೇ ಸಿರೋಸಿಸ್ ಅನ್ನುತ್ತಾರೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಮದ್ಯ, ಫ್ಯಾಟಿ ಲಿವರ್ ಇವುಗಳಲ್ಲಿ ಯಾವುದರಿಂದ ಬೇಕಾದರೂ ಲಿವರ್ ಈ ಸ್ಥಿತಿಗೆ ಬರಬಹುದು. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರ್ ಹೆಚ್ಚಾಗಿ ಬರುವುದು ಇಂಥ ಲಿವರಿನಲ್ಲೇ.

ಶುರುವಾದದ್ದು ಬಲ ಭುಜದ ನೋವಿನಿಂದ. ಕೈ ಎತ್ತಿದರೂ ಇಳಿಸಿದರೂ ನೋವು ಅಷ್ಟೇ ಇರುತ್ತಿತ್ತು. ತಿಪಟೂರಿನಲ್ಲಿ ಮುಲಾಮು ಹಚ್ಚಿದ್ದಾಯಿತು, ಶಾಖ ಕೊಟ್ಟದ್ದಾಯಿತು. ಆಮೇಲೆ ಊಟ ಸೇರದಾಯಿತು, ಸೀರೆ ಕುಪ್ಪಸ ಸಡಿಲವಾದವು. ಬೆಂಗಳೂರಿಗೆ ಕರೆದುಕೊಂಡು ಬಂದು ಸ್ಕ್ಯಾನ್ ಮಾಡಿಸಿದಾಗ ಲಿವರಿನ ಬಲಭಾಗದಲ್ಲಿ ದೊಡ್ಡ ಗಡ್ಡೆ ಕಂಡಿತು. ಗಡ್ಡೆ ಎದೆಗೂ ಹೊಟ್ಟೆಗೂ ನಡುವಿನ ಪದರವಾದ ವಪೆಯನ್ನು ಒತ್ತುತ್ತಿತ್ತು. ವಪೆಯ ನರವೂ ಭುಜದ ನರವೂ ಕತ್ತಿನ ಒಂದೇ ಜಾಗದಿಂದ ಬರುವುದರಿಂದ ಹೊಟ್ಟೆಯ ನೋವು ಭುಜದಲ್ಲಿ ತೋರುತ್ತದೆ ಅಂತ ಡಾಕ್ಟರು ವಿವರಿಸಿದರು. ರಕ್ತನಾಳಕ್ಕೆ ಔಷಧಿ ಬಿಟ್ಟು ಮೂರು ಹಂತದಲ್ಲಿ ತೆಗೆಯುವ ಸಿಟಿ ಸ್ಕ್ಯಾನ್ ಮತ್ತು ಆಲ್ಫಾ ಫೀಟೋಪ್ರೋಟೀನ್ ಎಂಬ ರಕ್ತ ಪರೀಕ್ಷೆ ಮಾಡಿದರು. ಸಿರೋಸಿಸ್ ಇರುವವರಲ್ಲಿ ಸ್ಕ್ಯಾನಿನ ಚಿತ್ರವೇ ಸ್ಪಷ್ಟವಾಗಿದ್ದರೆ ಸೂಜಿ ಚುಚ್ಚಿ ತುಣುಕು ತೆಗೆಯುವ ಅಗತ್ಯವಿಲ್ಲವಂತೆ. ಅಮ್ಮನಿಗೆ ಬಯಾಪ್ಸಿ ಆಗಲೇ ಇಲ್ಲ.

ಲಿವರ್ ಕ್ಯಾನ್ಸರ್ ಬಂದವರ ಮನೆಯವರಿಗೆ ನಾನು ಒತ್ತಿ ಹೇಳುವುದು ಇದನ್ನೇ: ಇಲ್ಲಿ ಎರಡು ಕಾಯಿಲೆಗಳು ಒಂದೇ ಅಂಗದಲ್ಲಿ ಕೂತಿರುತ್ತವೆ. ಒಂದು ಗಡ್ಡೆ. ಇನ್ನೊಂದು ಮೊದಲೇ ಹಾಳಾಗಿರುವ ಲಿವರ್. ಗಡ್ಡೆಗೆ ಏನು ಔಷಧಿ ಇದೆ ಅನ್ನುವುದಕ್ಕಿಂತ ಉಳಿದಿರುವ ಲಿವರ್ ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದೇ ಎಷ್ಟೋ ಸಲ ದಾರಿ ನಿರ್ಧರಿಸುತ್ತದೆ. ಅದನ್ನು ಅಳೆಯಲು ಚೈಲ್ಡ್-ಪ್ಯೂ ಅಂತ ಒಂದು ಲೆಕ್ಕವಿದೆ. ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಸಮಯ, ಹೊಟ್ಟೆಯಲ್ಲಿ ನೀರು, ಮನಸ್ಸಿನ ಸ್ಥಿಮಿತ ಈ ಐದನ್ನು ನೋಡಿ ಎ, ಬಿ, ಸಿ ಅಂತ ದರ್ಜೆ ಕೊಡುತ್ತಾರೆ. ಅಮ್ಮನದು ಆಗ ಎ, ಅಂದರೆ ಮೂರರಲ್ಲಿ ಒಳ್ಳೆಯ ದರ್ಜೆ. ಆಪರೇಷನ್ ಮಾಡಿ ಗಡ್ಡೆ ತೆಗೆಯುವ ಹಾಗಿರಲಿಲ್ಲ. ಗಡ್ಡೆಯ ಅಳತೆ ನೋಡಿ ಲಿವರ್ ಕಸಿಯ ಮಾತೂ ಮುಗಿದಿತ್ತು. ವಾಸಿಯಾಗುವುದಿಲ್ಲ, ಆದರೆ ಚಿಕಿತ್ಸೆ ಇದೆ ಅಂತ ಡಾಕ್ಟರು ಅಮ್ಮನ ಎದುರಿಗೇ ಹೇಳಿದರು. ಅವರು ಹಾಗೆ ನೇರವಾಗಿ ಹೇಳಿದ್ದಕ್ಕೆ ನಾನು ಈಗಲೂ ಕೃತಜ್ಞಳು. ಅಮ್ಮ ಕೇಳಿದ್ದು ಒಂದೇ ಮಾತು: "ನೋವು ಕಮ್ಮಿ ಮಾಡ್ತೀರಾ ಡಾಕ್ಟ್ರೇ?"

ಮೊದಲ ಚಿಕಿತ್ಸೆ ಟೇಸ್. ತೊಡೆಯ ಸಂದಿಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಗಡ್ಡೆಗೆ ರಕ್ತ ಕೊಡುವ ನಾಳದವರೆಗೂ ಹೋಗಿ, ಅಲ್ಲೇ ಕೀಮೋ ಔಷಧಿ ಬಿಟ್ಟು ನಾಳವನ್ನು ಮುಚ್ಚುತ್ತಾರೆ. ಲಿವರಿಗೆ ಹೆಚ್ಚಿನ ರಕ್ತ ಬರುವುದು ಪೋರ್ಟಲ್ ವೇನ್ ಎಂಬ ರಕ್ತನಾಳದಿಂದ, ಗಡ್ಡೆಗೆ ಬರುವುದು ಮುಖ್ಯವಾಗಿ ಅಪಧಮನಿಯಿಂದ. ಹಾಗಾಗಿ ಗಡ್ಡೆಯ ದಾರಿ ಕಟ್ಟಿದರೂ ಲಿವರ್ ಬದುಕಿರುತ್ತದೆ. ಮುಗಿದ ಮೇಲೆ ಜ್ವರ, ವಾಂತಿ, ಬಲಪಕ್ಕೆಯಲ್ಲಿ ನೋವು ಬಂತು. ಗಡ್ಡೆಯ ಜೀವಕೋಶಗಳು ಸಾಯುವಾಗ ಹೀಗಾಗುತ್ತದೆ ಅಂತ ಮೊದಲೇ ಹೇಳಿದ್ದರಿಂದ ನಾವು ಹೆದರಲಿಲ್ಲ. ವಾರ ಕಳೆಯುವಷ್ಟರಲ್ಲಿ ಸುಧಾರಿಸಿಕೊಂಡಳು. ಭುಜದ ನೋವೂ ಸ್ವಲ್ಪ ತಗ್ಗಿತು. ಆ ಸಮಯದಲ್ಲಿ ತಿಪಟೂರಿಗೆ ಹೋಗಿ ತೋಟದ ಕಾಯಿ ಕೀಳಿಸಿ, ಕೊಬ್ಬರಿಗೆ ಅಟ್ಟಕ್ಕೆ ಹಾಕಿಸಿ ಬಂದಳು.

ಮುಂದಿನ ಸ್ಕ್ಯಾನಿನಲ್ಲಿ ಗಡ್ಡೆ ಪೋರ್ಟಲ್ ವೇನ್ ಒಳಕ್ಕೆ ನುಗ್ಗಿತ್ತು. ಅಲ್ಲಿಗೆ ಅಮ್ಮನ ಮಟ್ಟಿಗೆ ಟೇಸ್ ನಿಂತಿತು. ಲಿವರಿಗೆ ಬರುವ ಮುಖ್ಯ ದಾರಿಯೇ ಮುಚ್ಚಿಕೊಳ್ಳುತ್ತಿರುವಾಗ ಇನ್ನೊಂದು ದಾರಿಯನ್ನೂ ಕಟ್ಟಿದರೆ ಲಿವರ್ ಕೈಕೊಡಬಹುದು ಅಂದರು.

ಆಮೇಲೆ ಮುಂದಿದ್ದದ್ದು ಎರಡು ದಾರಿ. ಮೂರು ವಾರಕ್ಕೊಮ್ಮೆ ಕೊಡುವ ಅಟೆಜೋಲಿಜುಮ್ಯಾಬ್, ಬೆವಾಸಿಜುಮ್ಯಾಬ್ ಎಂಬ ಜೋಡಿ ಇಂಜೆಕ್ಷನ್, ಇಲ್ಲವೇ ಮನೆಯಲ್ಲೇ ನುಂಗುವ ಮಾತ್ರೆ. ಇಂಜೆಕ್ಷನ್ ಜೋಡಿ ಸೊರಾಫೆನಿಬ್ ಮಾತ್ರೆಗಿಂತ ಮೇಲು ಅಂತ 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಗೊತ್ತಾಗಿದೆ. ಆದರೆ ಬೆವಾಸಿಜುಮ್ಯಾಬ್‌ನಿಂದ ರಕ್ತಸ್ರಾವದ ಭಯವಿದೆ. ಸಿರೋಸಿಸ್ ಇರುವವರ ಅನ್ನನಾಳದಲ್ಲಿ ರಕ್ತನಾಳಗಳು ಉಬ್ಬಿರಬಹುದು, ಅವು ಒಡೆದರೆ ಜೀವಕ್ಕೇ ಅಪಾಯ. ಅದಕ್ಕೇ ಮೊದಲು ಎಂಡೋಸ್ಕೋಪಿ ಮಾಡುತ್ತಾರೆ. ಅಮ್ಮನಿಗೆ ದೊಡ್ಡವೇ ಇದ್ದವು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದರು. ಇಷ್ಟಾಗುವ ಹೊತ್ತಿಗೆ ಲಿವರಿನ ದರ್ಜೆ ಎ ಇಂದ ಬಿ ಗೆ ಇಳಿದಿತ್ತು. ಇಂಜೆಕ್ಷನ್ ದಾರಿ ಬಿಟ್ಟೆವು. ಖರ್ಚೂ ಲಕ್ಷಗಳ ಲೆಕ್ಕ, ಅದನ್ನು ಮುಚ್ಚಿಟ್ಟು ಬರೆಯುವುದಿಲ್ಲ.

ಸೊರಾಫೆನಿಬ್ ಕಥೆ ನಮ್ಮ ದೇಶದವರು ತಿಳಿದಿರಬೇಕಾದ್ದು. ಬೇಯರ್ ಕಂಪನಿ ಇದನ್ನು ತಿಂಗಳಿಗೆ ಸುಮಾರು 2.80 ಲಕ್ಷ ರೂಪಾಯಿಗೆ ಮಾರುತ್ತಿತ್ತು. 2012ರ ಮಾರ್ಚ್‌ನಲ್ಲಿ ಭಾರತದ ಪೇಟೆಂಟ್ ಕಚೇರಿ ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಕಡ್ಡಾಯ ಪರವಾನಗಿ (ಪೇಟೆಂಟ್ ಇರುವವರ ಒಪ್ಪಿಗೆ ಇಲ್ಲದೆಯೂ ತಯಾರಿಸುವ ಅನುಮತಿ) ಕೊಟ್ಟು, ತಿಂಗಳ 120 ಮಾತ್ರೆಗೆ 8,880 ರೂಪಾಯಿ ಮೀರಬಾರದು ಅಂತ ಹೇಳಿತು. ನಮ್ಮ ದೇಶ ಹೀಗೆ ಕಡ್ಡಾಯ ಪರವಾನಗಿ ಕೊಟ್ಟದ್ದು ಅದೇ ಮೊದಲು. ತಿಪಟೂರಿನ ಒಬ್ಬ ಹೆಂಗಸು ಮಗಳ ಮನೆಯಲ್ಲಿ ಕೂತು ಈ ಮಾತ್ರೆ ನುಂಗುವುದಕ್ಕೆ ಸಾಧ್ಯವಾದದ್ದರ ಹಿಂದೆ ಆ ಆದೇಶವೂ ಇದೆ.

ಮಾತ್ರೆಯಿಂದ ಎಷ್ಟು ಲಾಭ ಅಂತ ನಾನು ಕೇಳಿದೆ. ಡಾಕ್ಟರು ಅಂಕಿ ಹೇಳಿದರು. 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೊರಾಫೆನಿಬ್ ತೆಗೆದುಕೊಂಡವರ ಬದುಕಿನ ಮಧ್ಯಮ ಅವಧಿ 10.7 ತಿಂಗಳು, ತೆಗೆದುಕೊಳ್ಳದವರದ್ದು 7.9. ಅದರಲ್ಲಿದ್ದವರು ಹೆಚ್ಚುಕಮ್ಮಿ ಎಲ್ಲರೂ ಎ ದರ್ಜೆಯವರು. ಅಮ್ಮನಿಗೆ ಅಷ್ಟು ಲಾಭವಾಗುತ್ತದೆ ಅಂತ ಹೇಳಲಾಗದು. ಅರ್ಧ ಡೋಸಿನಿಂದ ಶುರು ಮಾಡೋಣ, ತಡೆಯದಿದ್ದರೆ ನಿಲ್ಲಿಸೋಣ ಅಂದರು. ಅಮ್ಮ ಒಪ್ಪಿದಳು.

ಕೆಲವೇ ವಾರದಲ್ಲಿ ಅಂಗಾಲು ಕೆಂಪಾಗಿ, ಉರಿದು, ಹಿಮ್ಮಡಿಯ ದಪ್ಪ ಚರ್ಮ ಪದರ ಪದರವಾಗಿ ಏಳತೊಡಗಿತು. ಯೂರಿಯಾ ಕ್ರೀಮ್ ಹಚ್ಚಿ, ಮೆತ್ತನೆಯ ಹತ್ತಿ ಕಾಲುಚೀಲ ಹಾಕಿದೆವು. ಬಚ್ಚಲಿಗೆ ನಡೆದು ಹೋಗುವುದೇ ಕಷ್ಟವಾಯಿತು. ಕೈಬೆರಳ ತುದಿಯೂ ಹಾಗೇ. ಬೆಳ್ಳುಳ್ಳಿ ಸುಲಿಯಲು ಕೂತವಳು ಎರಡೇ ಎಸಳಿಗೆ ಕೈ ಕೊಡವಿಕೊಂಡು ಎದ್ದುಬಿಟ್ಟಳು. ಡೋಸ್ ಇನ್ನೂ ಇಳಿಸಿದರು. ಆಮೇಲೆ ಕಣ್ಣು ಹಳದಿಯಾಯಿತು, ಹೊಟ್ಟೆಯಲ್ಲಿ ನೀರು ತುಂಬಿತು. ದರ್ಜೆ ಸಿ. ಮಾತ್ರೆ ನಿಲ್ಲಿಸಿದರು.

ಈ ಘಟ್ಟದಲ್ಲೇ ಎಷ್ಟೋ ಮನೆಗಳಲ್ಲಿ ದಾರಿ ತಪ್ಪುತ್ತದೆ. ಎರಡನೇ ಅಭಿಪ್ರಾಯಕ್ಕೆ ಹೋದ ಒಂದು ಆಸ್ಪತ್ರೆಯಲ್ಲಿ ಫೈಲು ತಿರುವಿ ಹಾಕಿ, "ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂದರು. ಆ ಮಾತು ಸುಳ್ಳು. ಮಾಡುವ ಕೆಲಸ ಬೇಕಾದಷ್ಟಿತ್ತು. ನಮ್ಮ ಪುಣ್ಯಕ್ಕೆ ಮೊದಲ ಡಾಕ್ಟರು ಟೇಸ್ ಮಾಡುವಾಗಲೇ ಅಮ್ಮನನ್ನು ನೋವು, ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ವಿಭಾಗಕ್ಕೂ ಕಳಿಸಿದ್ದರು. ಅಲ್ಲಿನ ಡಾಕ್ಟರಿಗೆ ಅಮ್ಮನ ಹೆಸರು, ಊರು, ಯಾವ ನೋವು ಎಲ್ಲಿದೆ ಎಲ್ಲವೂ ಗೊತ್ತಿತ್ತು. ಮಾತ್ರೆ ನಿಂತ ದಿನ ನಾವು ಬೀದಿಗೆ ಬೀಳಲಿಲ್ಲ.

ಮೊದಲು ನೋವಿನ ವಿಷಯ. ಹಾಳಾದ ಲಿವರಿಗೆ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಆಗದು. ಕಿಡ್ನಿ ಕೆಡುತ್ತದೆ, ಹೊಟ್ಟೆಯೊಳಗೆ ರಕ್ತ ಬರಬಹುದು. ಎಲ್ಲರೂ ಹೆದರುವ ಪ್ಯಾರಾಸಿಟಮಾಲ್ ಇದಕ್ಕಿಂತ ವಾಸಿ, ಆದರೆ ದಿನಕ್ಕೆ 2 ಗ್ರಾಂ ದಾಟಬಾರದು ಅಂದರು. ಗಡ್ಡೆ ಉಬ್ಬಿ ಲಿವರಿನ ಹೊದಿಕೆ ಹಿಗ್ಗುವುದರಿಂದ ಬರುವ ಒತ್ತಿದಂಥ ನೋವಿಗೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ಎರಡೇ ದಿನದಲ್ಲಿ ಪಕ್ಕೆ ಹಗುರವಾಯಿತು, ಹಸಿವೂ ಬಂತು. ಸಕ್ಕರೆ ಏರಿತು, ಇನ್ಸುಲಿನ್ ಹೆಚ್ಚಿಸಬೇಕಾಯಿತು. ಲಿವರಿಗೆ ಒಂದೇ ಸಲ 8 ಗ್ರೇ ಅಳತೆಯ ರೇಡಿಯೇಷನ್ ಕೊಟ್ಟರೂ ಎಷ್ಟೋ ಜನರಿಗೆ ಇಂಥ ನೋವು ಇಳಿಯುತ್ತದೆ, ಒಂದು ಬೆಳಿಗ್ಗೆಯ ಕೆಲಸ ಅಂತ ತಿಳಿಸಿದರು. ಅಮ್ಮನಿಗೆ ಸ್ಟೀರಾಯ್ಡ್, ಮಾರ್ಫಿನ್ನೇ ಸಾಕಾಯಿತು.

ಮಾರ್ಫಿನ್ ಅಂದಾಗ ಮನೆಯಲ್ಲಿ ಗಲಾಟೆ. ದೊಡ್ಡಮಾವ ಫೋನ್ ಮಾಡಿ, "ಅದು ಕೊಟ್ರೆ ಚಟ ಆಗುತ್ತೆ, ಬೇಗ ಹೋಗ್ಬಿಡ್ತಾರೆ ಕಣಮ್ಮ" ಅಂದರು. ಡಾಕ್ಟರು ಅವರ ಜೊತೆ ಸ್ಪೀಕರಿನಲ್ಲಿ ಅರ್ಧ ಗಂಟೆ ಮಾತಾಡಿದರು. ನೋವಿಗೆ ಸರಿಯಾದ ಅಳತೆಯಲ್ಲಿ ಕೊಟ್ಟರೆ ಚಟವಾಗುವುದು ಅಪರೂಪ, ಆಯಸ್ಸೂ ಕಡಿಮೆಯಾಗುವುದಿಲ್ಲ. ಸಾಮಾನ್ಯವಾಗಿ 4 ಗಂಟೆಗೊಮ್ಮೆ ಕೊಡುವುದನ್ನು, ಅಮ್ಮನ ಲಿವರ್ ಅದನ್ನು ನಿಧಾನವಾಗಿ ಕರಗಿಸುತ್ತದೆ ಅಂತ, ಸಣ್ಣ ಡೋಸಿನಲ್ಲಿ 8 ಗಂಟೆಗೊಮ್ಮೆ ಶುರು ಮಾಡಿದರು. ಈ ಮಾತ್ರೆ ಎಲ್ಲ ಅಂಗಡಿಯಲ್ಲೂ ಸಿಗದು. 1985ರ ಮಾದಕ ವಸ್ತು ಕಾನೂನಿನ ಬಿಗಿಯಿಂದ ಎಷ್ಟೋ ಆಸ್ಪತ್ರೆಗಳು ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿಯಿಂದ ಪರವಾನಗಿ ಸುಲಭವಾಗಿದೆ, ಆದರೂ ಮಾನ್ಯತೆ ಪಡೆದ ಕಡೆ ಮಾತ್ರ ಸಿಗುತ್ತದೆ. ಬೆಂಗಳೂರಿನ ಕಿದ್ವಾಯಿಯಲ್ಲಿ ಇದಕ್ಕೆಂದೇ ವಿಭಾಗವಿದೆ. ಕರುಣಾಶ್ರಯ 1990ರ ದಶಕದಿಂದ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ, ಮನೆಗೂ ಬರುತ್ತಾರೆ. ನಮ್ಮ ಜಿಲ್ಲೆ, ತಾಲ್ಲೂಕುಗಳಲ್ಲೂ ಈ ಸೌಕರ್ಯ ಇರಬೇಕಿತ್ತು. ನೋವು ಬೆಂಗಳೂರಿನವರಿಗೆ ಮಾತ್ರ ಬರುವುದಲ್ಲ ಅಲ್ವಾ?

ಹೊಟ್ಟೆಯ ನೀರು ಇನ್ನೊಂದು ದೊಡ್ಡ ಹೋರಾಟ. ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗೆ ಸ್ವಲ್ಪ ದಿನ ಬಗ್ಗಿತು, ಆಮೇಲೆ ಸೋಡಿಯಂ ಇಳಿದದ್ದರಿಂದ ಅದನ್ನು ಕಡಿಮೆ ಮಾಡಬೇಕಾಯಿತು. ಆಗ ಟ್ಯಾಪಿಂಗ್. ಡೇ ಕೇರ್ ಮಂಚದ ಮೇಲೆ ಅಮ್ಮನನ್ನು ಸ್ವಲ್ಪ ಎಡಕ್ಕೆ ಒರಗಿಸಿ ಮಲಗಿಸಿ, ಸ್ಕ್ಯಾನಿನಲ್ಲಿ ಜಾಗ ನೋಡಿ, ಕೆಳಹೊಟ್ಟೆಯ ಎಡಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಸಣ್ಣ ಕೊಳವೆ ಹಾಕುತ್ತಿದ್ದರು. ತೆಳು ಹಳದಿ ನೀರು ನಳಿಗೆಯಲ್ಲಿ ಇಳಿದು ಮಂಚದ ಕೆಳಗಿನ ಕ್ಯಾನಿಗೆ ತುಂಬುತ್ತಿತ್ತು. ಕ್ಯಾನಿನ ಗೆರೆ ನೋಡಿ ನರ್ಸ್ ಲೀಟರ್ ಬರೆದುಕೊಳ್ಳುವರು. 5 ಲೀಟರಿಗಿಂತ ಜಾಸ್ತಿ ತೆಗೆದರೆ ಲೀಟರಿಗೆ 6ರಿಂದ 8 ಗ್ರಾಂ ಲೆಕ್ಕದಲ್ಲಿ ಆಲ್ಬುಮಿನ್ ಏರಿಸಬೇಕು, ಇಲ್ಲವಾದರೆ ಬಿಪಿ ಬಿದ್ದು ಕಿಡ್ನಿಗೆ ಪೆಟ್ಟು. 20 ಗ್ರಾಂ ಇರುವ ಒಂದೊಂದು ಗಾಜಿನ ಬಾಟಲಿಗೂ ಸಾವಿರಾರು ರೂಪಾಯಿ. ನೀರು ಇಳಿಯುತ್ತಾ ಹೋದ ಹಾಗೆ ಅಮ್ಮನ ಉಸಿರು ಸಲೀಸಾಗುವುದು ಕಣ್ಣಿಗೇ ಕಾಣುತ್ತಿತ್ತು. ಮೊದಲ ಸಲ ಮುಗಿದಾಗ ಎದ್ದು ಕೂತು, "ಈಗೊಂದು ಇಡ್ಲಿ ತಿಂತೀನಿ ನೋಡು" ಅಂದಳು. ಎರಡು ತಿಂದಳು. ಪದೇ ಪದೇ ತುಂಬುವವರಿಗೆ ಹೊಟ್ಟೆಯಲ್ಲೇ ಕೊಳವೆ ಬಿಟ್ಟು ಮನೆಯಲ್ಲೇ ನೀರು ತೆಗೆಯುವ ವ್ಯವಸ್ಥೆಯೂ ಇದೆ. ಸೋಂಕಿನ ಭಯಕ್ಕೆ ಅಮ್ಮ ಬೇಡ ಅಂದಳು.

ಊಟದ ಬಗ್ಗೆ ಬಂದವರದ್ದೆಲ್ಲ ಒಂದೊಂದು ಸಲಹೆ. ಬೇಳೆ ಬಿಡಿ, ಹಾಲು ಬಿಡಿ, ಬರೀ ಗಂಜಿ ಕೊಡಿ. ಡಾಕ್ಟರು ಹೇಳಿದ್ದು ಪೂರ್ತಿ ಉಲ್ಟಾ. ಮೈಯ ಮಾಂಸ ಕರಗುತ್ತಿದೆ, ಬೇಳೆ, ಮೊಸರು, ಮೊಟ್ಟೆ ಯಾವುದು ಸೇರುತ್ತದೋ ಕೊಡಿ, ರಾತ್ರಿ ಮಲಗುವ ಮುಂಚೆಯೂ ಏನಾದರೂ ತಿನ್ನಿಸಿ. ಅಮ್ಮ ಹುರಿಹಿಟ್ಟು ಕಲಸಿಕೊಂಡು ತಿನ್ನುತ್ತಿದ್ದಳು. ಉಪ್ಪು ಮಾತ್ರ ಕಡಿಮೆ. ಉಪ್ಪಿಲ್ಲದ ಸಾರಿಗೆ ಅವಳು ಮುಖ ಸಿಂಡರಿಸಿದ್ದನ್ನು ನೋಡಲಾಗುತ್ತಿರಲಿಲ್ಲ. ಕೊನೆಕೊನೆಗೆ ಪ್ಯಾಲಿಯೇಟಿವ್ ಡಾಕ್ಟರೇ, "ಉಪ್ಪಿನಕಾಯಿ ನೆಂಚಿಕೊಳ್ಳಲಿ ಬಿಡಿ, ಬೇಕಿದ್ರೆ ಎರಡು ದಿನ ಮುಂಚೆ ಟ್ಯಾಪ್ ಮಾಡೋಣ" ಅಂದರು. ಲಿವರ್ ಗಿಡಮೂಲಿಕೆ ಅಂತ ಯಾರೋ ತಂದುಕೊಟ್ಟ ಕಾಮಾಲೆ ಔಷಧಿಯನ್ನು ಮಾತ್ರ ನಾನು ಅಡುಗೆಮನೆಗೂ ಬಿಟ್ಟುಕೊಳ್ಳಲಿಲ್ಲ. ಯಾವ ಸೊಪ್ಪಾದರೂ ಕರಗಬೇಕಾದ್ದು ಅದೇ ಸೋತ ಲಿವರಿನಲ್ಲಿ ತಾನೇ.

ನನ್ನನ್ನು ಹೆಚ್ಚು ಕಂಗೆಡಿಸಿದ್ದು ಅಮ್ಮನ ಮನಸ್ಸು ಮಂಕಾಗುತ್ತಿದ್ದದ್ದು. ಲಿವರ್ ತೆಗೆದುಹಾಕಬೇಕಾದ ಅಮೋನಿಯಾದಂಥ ವಿಷ ರಕ್ತದಲ್ಲಿ ಉಳಿದು ಮಿದುಳಿಗೆ ಹೋಗುತ್ತದೆ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ. ಅಮ್ಮನಿಗೆ ಹಾಲಿನ ಲೆಕ್ಕ, ಕಾಯಿಯ ಲೆಕ್ಕ ಬರೆದಿಡುವ ಅಭ್ಯಾಸ. ಗೆರೆ ಹಾಕಿದ ನೋಟ್‌ಬುಕ್ಕು, ದುಂಡನೆಯ ಅಕ್ಷರ. ಒಂದು ದಿನ ನೋಡಿದರೆ ಅಕ್ಷರಗಳು ಗೆರೆ ಬಿಟ್ಟು ಕೆಳಕ್ಕೆ ಜಾರಿದ್ದವು, ಒಂದೇ ಪದ ಮೂರು ಸಲ ಬರೆದಿದ್ದಳು. ಡಾಕ್ಟರಿಗೆ ಫೋಟೋ ಕಳಿಸಿದೆ. ಕೈ ಮುಂದಕ್ಕೆ ಚಾಚಿಸಿ, ಅಂಗೈ ಮೇಲಕ್ಕೆ ಮಡಿಸಿ ಹಿಡಿಯಲು ಹೇಳಿ ಅಂದರು. ಕೈಗಳು ರೆಕ್ಕೆಯ ಹಾಗೆ ಪಟಪಟ ಬಡಿದವು. ಲ್ಯಾಕ್ಟುಲೋಸ್ ಸಿರಪ್ ಹೆಚ್ಚಿಸಿ, ರಿಫಾಕ್ಸಿಮಿನ್ ಸೇರಿಸಿದರು. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಹೋಗಲೇಬೇಕು. ಮಾರ್ಫಿನ್ ಮಲಬದ್ಧತೆ ಮಾಡುತ್ತದೆ, ಮಲಬದ್ಧತೆಯಾದರೆ ಮಂಕು ಹೆಚ್ಚುತ್ತದೆ. ಆದ್ದರಿಂದ ಕ್ಯಾಲೆಂಡರಿನಲ್ಲಿ ಪ್ರತಿದಿನದ ಚೌಕದಲ್ಲಿ ಗೀಟು ಹಾಕುವುದು ನನ್ನ ಕೆಲಸವಾಯಿತು. ಗೀಟು ಕಡಿಮೆ ಬಿದ್ದರೆ ಸಿರಪ್ ಜಾಸ್ತಿ, ತುಂಬಾ ಬಿದ್ದರೆ ಕಡಿಮೆ. ಒಂದು ವಾರದಲ್ಲಿ ಅಕ್ಷರ ಮತ್ತೆ ಗೆರೆಯ ಮೇಲೆ ಬಂತು. ಆಗಿನಿಂದ ದಿನವೂ ಬೆಳಿಗ್ಗೆ ಅವಳ ಕೈಲಿ ಸಹಿ ಹಾಕಿಸಿ ನೋಡುತ್ತಿದ್ದೆ. ರಕ್ತ ಪರೀಕ್ಷೆಗಿಂತ ಮುಂಚೆ ಸುಳಿವು ಕೊಡುತ್ತಿದ್ದದ್ದು ಅದೇ.

ಮನಸ್ಸು ತಿಳಿಯಾಗಿದ್ದ ಆ ದಿನಗಳಲ್ಲೇ ಅಮ್ಮ ತನ್ನ ಮಾತು ಹೇಳಿಬಿಟ್ಟಳು. ವೆಂಟಿಲೇಟರ್ ಬೇಡ, ಐಸಿಯು ಬೇಡ, ಮನೆಯಲ್ಲೇ ಇರಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ ಇಂಥ ಇಚ್ಛಾಪತ್ರಕ್ಕೆ ಮಾನ್ಯತೆ ಕೊಟ್ಟಿದೆ, 2023ರಲ್ಲಿ ಅದರ ವಿಧಾನವನ್ನೂ ಸರಳ ಮಾಡಿದೆ. ಇಬ್ಬರು ಸಾಕ್ಷಿಗಳನ್ನು ಇಟ್ಟುಕೊಂಡು ನೋಟರಿ ಮುಂದೆ ಸಹಿ ಮಾಡಿದರೆ ಆಯಿತು. ತಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ, ಎದ್ದು ಹೊರಗೆ ಹೋದ. ಅಮ್ಮ ಅವನನ್ನು ಕರೆದು, "ನಿನಗೆ ಕಷ್ಟ ಆಗ್ಬಾರ್ದು ಅಂತಾನೇ ಕಣೋ ಬರೀತಿರೋದು" ಅಂದಳು. ಆ ಕಾಗದ ಇದ್ದದ್ದರಿಂದ ಕೊನೆಗೆ ಅವನ ಮೇಲೂ ನನ್ನ ಮೇಲೂ ನಿರ್ಧಾರದ ಭಾರ ಬೀಳಲಿಲ್ಲ.

ಕೊನೆಯ ವಾರಗಳಲ್ಲಿ ಮನೆಗೆ ಬರುವ ತಂಡವೇ ಎಲ್ಲ ನೋಡಿಕೊಂಡಿತು. ಮೈ ತುರಿಕೆಗೆ ಕೊಲೆಸ್ಟೈರಮಿನ್ ಪುಡಿ, ಗಾಳಿ ಹಾಸಿಗೆ, ಬಾಯಿ ಒಣಗದಂತೆ ಒದ್ದೆ ಹತ್ತಿ. ರಕ್ತವಾಂತಿ ಆಗುವ ಸಂಭವವಿದೆ, ಆದರೆ ಹೆದರಬೇಡಿ, ಕಡು ಬಣ್ಣದ ಟವೆಲ್ ಹತ್ತಿರ ಇಟ್ಟುಕೊಳ್ಳಿ, ಬಿಳಿ ಬಟ್ಟೆಯ ಮೇಲೆ ಕಂಡರೆ ನಿಮಗೂ ಅವರಿಗೂ ಗಾಬರಿ ಜಾಸ್ತಿ ಅಂದರು. ನಿದ್ದೆ ಬರಿಸುವ ಇಂಜೆಕ್ಷನನ್ನೂ ತಯಾರಿಟ್ಟರು. ಅದರ ಅಗತ್ಯ ಬೀಳಲಿಲ್ಲ. ನುಂಗಲು ಆಗದಾದಾಗ ಚರ್ಮದಡಿ ಸಣ್ಣ ಸೂಜಿ ಇಟ್ಟು ಔಷಧಿ ಕೊಡುವುದನ್ನು ನರ್ಸ್ ನನಗೆ ಕಲಿಸಿದರು. ಅಮ್ಮ ನಿದ್ದೆಯಲ್ಲೇ ಇರತೊಡಗಿದಳು. ಇದು ಲಿವರಿನ ನಿದ್ದೆ, ಔಷಧಿಯದ್ದಲ್ಲ ಅಂತ ಡಾಕ್ಟರು ಮನೆಯವರನ್ನೆಲ್ಲ ಕೂರಿಸಿ ಹೇಳಿದರು. ನೋವಿನಿಂದ ನರಳದೆ, ತಮ್ಮನ ಕೈ ಹಿಡಿದುಕೊಂಡು ಮನೆಯಲ್ಲೇ ಹೋದಳು.

ಕಾರ್ಯವೆಲ್ಲ ಮುಗಿದ ಮೇಲೆ ನರ್ಸ್ ಒಮ್ಮೆ ಬಂದರು. ಉಳಿದ ಮಾರ್ಫಿನ್ ಮಾತ್ರೆ ಎಣಿಸಿ, ರಿಜಿಸ್ಟರಿನಲ್ಲಿ ನನ್ನ ಸಹಿ ಹಾಕಿಸಿಕೊಂಡು ವಾಪಸ್ ತೆಗೆದುಕೊಂಡರು. ಗಾಳಿ ಹಾಸಿಗೆ ಬಿಚ್ಚಿ ಮಡಿಸುವಾಗ, "ನಿಮಗಿಬ್ಬರಿಗೂ ಸಕ್ಕರೆ ಟೆಸ್ಟ್ ಆಗಿದ್ಯಾ? ಲಿವರ್?" ಅಂತ ಕೇಳಿದರು. ತಮ್ಮ ಆ ವಾರವೇ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡುವ ಫೈಬ್ರೋಸ್ಕ್ಯಾನ್ ಮಾಡಿಸಿದ. ಕೊಬ್ಬಿದೆ, ಗಟ್ಟಿಯಾಗಿಲ್ಲ ಅಂತ ಬಂತು. ತೂಕ ಇಳಿಸಲು ಹೇಳಿದ್ದಾರೆ. ಮುಂದಿನ ವರ್ಷ ಮತ್ತೆ ಮಾಡಿಸಬೇಕು.